ಅರ್ಧದ ಅರ್ಧ

ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದ ಮೇಡಂಗೆ ಪಾಠದ ನಡುವೆ ನಾಲಿಗೆ ಕಟ್ಟಿಹೋದದ್ದು ಅದೇ ಮೊದಲು. ಎದುರಿಗೆ ಮಕ್ಕಳಿರಲಿಲ್ಲ, ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ ಇತ್ತು. ಲೆಕ್ಕದ ಮೇಷ್ಟರೇ ಇಲ್ಲದ ದೂರದ ಶಾಲೆಗಳಿಗೆ ಇಂಟರ್ನೆಟ್ಟಿನ ಮೂಲಕ ಪಾಠ ಮುಟ್ಟಿಸಬೇಕೆಂದು ಶಿಕ್ಷಣ ಕಚೇರಿಯವರು ಶಾಲೆಯ ಹಳೆಯ ಉಗ್ರಾಣವನ್ನೇ ಸ್ಟುಡಿಯೋ ಮಾಡಿದ್ದರು. ಮುರಿದ ಬೆಂಚುಗಳನ್ನು ಮೂಲೆಗೆ ಒಟ್ಟಿ, ಬೀದಿಯ ಸದ್ದು ಬಾರದಂತೆ ಕಿಟಕಿಗಳಿಗೆ ಕಂಬಳಿ ಹೊಡೆದಿದ್ದರು. ಫ್ಯಾನು ಹಾಕುವ ಹಾಗಿಲ್ಲ, ಅದೂ ಗಡಗಡ ಅನ್ನುತ್ತದೆ. ಮೇಡಂ ಬೆವರು ಒರೆಸಿಕೊಂಡು, “ಮಕ್ಕಳೇ, ಇವತ್ತು ಭಿನ್ನರಾಶಿ...” ಎಂದು ಶುರುಮಾಡಿ ಮತ್ತೆ ತಡವರಿಸಿದರು.

“ಇದು ಹನ್ನೊಂದನೇ ಸಲ ಮೇಡಂ,” ಎಂದರು ಕ್ಯಾಮೆರಾದವರು. ಹಿಂದೆ ಫೋಟೋ ಅಂಗಡಿ ಇಟ್ಟಿದ್ದ, ತಲೆ ನರೆತ ಮನುಷ್ಯ. “ಸ್ವಲ್ಪ ನಗುಮುಖ ಇಟ್ಕೊಳ್ಳಿ.”

“ಗೋಡೆ ನೋಡ್ಕೊಂಡು ನಗೋಕೆ ನಂಗೇನು ತಲೆ ಕೆಟ್ಟಿದ್ಯಾ? ಎದುರಿಗೆ ಒಂದು ಮುಖ ಬೇಕು ರೀ. ಅರ್ಥ ಆಯ್ತೋ ಇಲ್ವೋ ಅಂತ ಹೇಗೆ ಗೊತ್ತಾಗ್ಬೇಕು?”

ಅಷ್ಟರಲ್ಲಿ ಶಾಲೆಯ ಆಯಾ ನೆಲ ಒರೆಸುವ ಹೊಸ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಇಣುಕಿದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಮೇಡಂ ಅವಳ ಕೈ ಹಿಡಿದು ಎಳೆತಂದು ಕ್ಯಾಮೆರಾದ ಪಕ್ಕ ಕೂರಿಸಿದರು.

“ಅಯ್ಯೋ, ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟೋಳು. ನಂಗೇನೂ ಗೊತ್ತಾಗಲ್ಲ.”

“ಗೊತ್ತಾಗದೆ ಇರೋರೇ ಬೇಕು. ಸುಮ್ನೆ ಕೂತ್ಕೊ.”

ಸುಮ್ಮನೆ ಕೂರುವುದು ಆಯಾಳ ಜಾಯಮಾನವಲ್ಲ. ಆದರೂ ಬಾಯಿ ಬಿಗಿಹಿಡಿದು ಕೂತಳು. ಅವಳ ಹುಬ್ಬು ಗಂಟಿಕ್ಕಿದಾಗ ಮೇಡಂ ಇನ್ನೊಮ್ಮೆ ಹೇಳಿದರು, ಸಡಿಲಿದಾಗ ಮುಂದಕ್ಕೆ ಹೋದರು. ಪಾಠ ನೀರು ಹರಿದಂತೆ ಹರಿಯಿತು. ಕೊನೆಗೆ ಅರ್ಧವನ್ನು ಅರ್ಧದಿಂದ ಗುಣಿಸಿ, ಉತ್ತರ ಕಾಲು ಎಂದು ಬರೆದರು.

“ಅದ್ಹೇಗೆ?” ಆಯಾಳ ಬಾಯಿ ತಡೆಯಲಿಲ್ಲ. “ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ? ಇದು ಕಮ್ಮಿ ಆಯ್ತಲ್ಲ!”

ಕ್ಯಾಮೆರಾದವರು ಹಣೆ ಚಚ್ಚಿಕೊಂಡರು. ಮೇಡಂ ತಿರುಗಿ ತಾವು ಬರೆದದ್ದನ್ನೇ ಇನ್ನೊಮ್ಮೆ ನೋಡಿದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎಂದು ಸಾವಿರ ಸಲ ಹೇಳಿದ್ದರು. ಯಾಕೆ ಎಂದು ಒಂದು ಮಗುವೂ ಕೇಳಿರಲಿಲ್ಲ. ಕೇಳುವ ಧೈರ್ಯ ಮಾಡಿರಲಿಲ್ಲ ಎಂದರೇ ಸರಿ. ಮಕ್ಕಳು ಅವರಿಗಿಟ್ಟ ಅಡ್ಡಹೆಸರು ‘ಗುಡುಗು’.

ಮೇಡಂ ಆಯಾಳ ಹೆಗಲಿನ ಬಟ್ಟೆ ತೆಗೆದು ಅವಳ ಕೈಗೇ ಕೊಟ್ಟರು. “ಇದನ್ನ ಅರ್ಧಕ್ಕೆ ಮಡಚು. ಈಗ ಆ ಅರ್ಧದಲ್ಲಿ ಅರ್ಧ. ಹ್ಞಾ, ಬಿಡಿಸು. ಎಷ್ಟು ಪಾಲು ಕಾಣ್ಸುತ್ತೆ?”

ಆಯಾ ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿದಳು. “ನಾಲ್ಕು. ಅದರಲ್ಲಿ ಒಂದು... ಕಾಲು! ಓಹೋ, ಅರ್ಧ ಸಲ ತಗೊಂಡ್ರೆ ಒಂದು ಸಲಾನೂ ಪೂರ್ತಿ ತಗೊಂಡ ಹಾಗಾಗಲಿಲ್ಲ. ಮತ್ತೆ ಕಮ್ಮಿ ಆಗ್ದೆ ಇನ್ನೇನಾಗುತ್ತೆ?”

“ಇಷ್ಟು ಚೆನ್ನಾಗಿ ನಾನೂ ಹೇಳಿರಲಿಲ್ಲ ಕಣೇ,” ಎಂದರು ಮೇಡಂ, ಮನಸಾರೆ.

ಕ್ಯಾಮೆರಾ ಓಡುತ್ತಲೇ ಇತ್ತು. ಪಾಠ ಹಾಗೆಯೇ ಶಾಲೆಗಳಿಗೆ ಹೋಯಿತು.

ಮೂರನೆಯ ದಿನ ಕಚೇರಿಯ ಅಧಿಕಾರಿಯ ಫೋನು. “ಪಾಠದ ಮಧ್ಯೆ ಕೆಲಸದವಳು ಬಾಯಿ ಹಾಕ್ತಾಳೆ. ಶಿಸ್ತು ಅನ್ನೋದು ಬೇಡ್ವಾ? ತೆಗೆದು ಬೇರೆ ಮಾಡಿ.” ಫೋನಿನ ದನಿ ಜೋರಾಗಿತ್ತು, ಪಕ್ಕದಲ್ಲೇ ಗುಡಿಸುತ್ತಿದ್ದ ಆಯಾ ಅಷ್ಟನ್ನೂ ಕೇಳಿಸಿಕೊಂಡಳು. “ನನ್ನ ದೆಸೆಯಿಂದ ನಿಮಗೆ ಮಾತು ಬಂತು,” ಎಂದವಳು ಮತ್ತೆ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಮೇಡಂ ಒಬ್ಬರೇ ನಿಂತು ಇಸ್ತ್ರಿ ಹೊಡೆದಂಥ ಹೊಸ ಪಾಠ ಒಪ್ಪಿಸಿದರು. ಅಂದು ರಾತ್ರಿ ಊಟ ರುಚಿಸಲಿಲ್ಲ.

ವಾರ ಕಳೆಯುವುದರೊಳಗೆ ಸಂದೇಶಗಳು ಬರತೊಡಗಿದವು. ಬೆಟ್ಟದಾಚೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹಚ್ಚಿಕೊಡುವವಳು ಅಡುಗೆಯಾಕೆ. ಅವಳು ಬರೆದಿದ್ದಳು: “ಮೊದಲಿನ ಪಾಠಾನೇ ವಾಪಸ್ ಹಾಕಿ. ಅದರಲ್ಲಿ ಒಬ್ಬಮ್ಮ ಕೇಳ್ತಾರಲ್ಲ, ಅದು ನಮ್ಮ ಮಕ್ಕಳ ಬಾಯಲ್ಲಿದ್ದ ಪ್ರಶ್ನೆ. ಅಲ್ಲಿ ನಿಲ್ಸಿ ನಾವೆಲ್ಲಾ ಬಟ್ಟೆ ಮಡಚಿ ನೋಡಿದ್ವಿ. ನಂಗೂ ಅರ್ಥ ಆಯ್ತು.”

ಮೇಡಂ ಮರುದಿನವೇ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಕಚೇರಿಗೆ ಹೋದರು. ವಾದ ಮಾಡಲಿಲ್ಲ. ಹಳೆಯ ಪಾಠವನ್ನು ಅಧಿಕಾರಿಯ ಎದುರಿಗಿಟ್ಟು, “ಪೂರ್ತಿ ನೋಡಿ ಸಾರ್,” ಎಂದರು ಅಷ್ಟೆ. ಅಧಿಕಾರಿ ಗಡಿಯಾರ ನೋಡುತ್ತಾ ನೋಡತೊಡಗಿದವರು, ಆಯಾಳ ಪ್ರಶ್ನೆ ಬಂದಾಗ ಮುಂದಕ್ಕೆ ಬಾಗಿದರು. ಮುಗಿದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡಿ ಮೇಡಂ. ಇದು ಯಾಕೆ ಹೀಗೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು.” ಆಮೇಲೆ ಗಂಟಲು ಸರಿಮಾಡಿಕೊಂಡು, “ಇದನ್ನೇ ಹಾಕ್ಸಿ. ಆ ಅಮ್ಮನ್ನೂ ದಿನಾ ಕೂರಿಸ್ಕೊಳ್ಳಿ,” ಎಂದರು.

ಮೇಡಂ ಹಿಂತಿರುಗಿದಾಗ ಆಯಾ ನಲ್ಲಿಯ ಬಳಿ ಲೋಟ ತೊಳೆಯುತ್ತಿದ್ದಳು. ಅಡುಗೆಯಾಕೆಯ ಸಂದೇಶವನ್ನು ಓದಿ ಹೇಳಿದರೆ ನಂಬಲೇ ಇಲ್ಲ. ಒದ್ದೆ ಕೈ ಒರೆಸಿಕೊಂಡು, “ಇನ್ನೊಂದ್ಸಲ ಓದಿ,” ಎಂದಳು. ಓದಿದ ಮೇಲೆ ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಳು.

“ಹಾಗಾದ್ರೆ ಒಂದು ಕೇಳ್ಲಾ ಮೇಡಂ? ಎಂಟು ದಿನದಿಂದ ತಲೇಲಿ ಕೊರೀತಾ ಇದೆ. ಗುಣಿಸಿದ್ರೆ ಕಮ್ಮಿ ಆಗೋದಾದ್ರೆ, ಭಾಗ ಮಾಡಿದ್ರೆ ಜಾಸ್ತಿ ಆಗೋದೂ ಉಂಟಾ?”

ಮೇಡಂ ನಲ್ಲಿ ತಿರುಗಿಸಿ ಅವಳ ತೋಳು ಹಿಡಿದರು. “ಇಲ್ಲಿ ಹೇಳಲ್ಲ. ಒಳಗೆ ಕ್ಯಾಮೆರಾ ಹತ್ರ ಬಾ, ಎಲ್ರೂ ಕೇಳ್ಸಿಕೊಳ್ಳಲಿ.”