ಬಂಗಾರಮ್ಮನ ಹಸಿವು

ಬಂಗಾರಮ್ಮನ ಬಲಗೈ ಮುರಿದದ್ದು ಒಣಗಿದ ಬಟ್ಟೆ ತರಲು ಹೋಗಿ ತಾರಸಿಯ ಮೆಟ್ಟಿಲಲ್ಲಿ ಜಾರಿದಾಗ. ಆಗ ಆಕೆ ಅಳಲಿಲ್ಲ. ಆಸ್ಪತ್ರೆಯಲ್ಲಿ ಮೂಳೆ ಕೂರಿಸುವಾಗಲೂ ಹಲ್ಲು ಕಚ್ಚಿಕೊಂಡಿದ್ದಳು. ಪ್ಲಾಸ್ಟರ್ ಹಾಕಿಸಿಕೊಂಡು ಮಲವಗೊಪ್ಪದ ಮನೆಗೆ ಬಂದು, ಗಂಡ ನಾಗಯ್ಯ ಲುಂಗಿ ಎತ್ತಿ ಕಟ್ಟಿ ತನ್ನ ಅಡುಗೆಮನೆಯ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಮೂಸುತ್ತಿರುವುದನ್ನು ಕಂಡಾಗ ಮಾತ್ರ ಕಣ್ಣಲ್ಲಿ ನೀರು ಬಂತು.

ಅಳುವುದಕ್ಕೆ ಕಾರಣವಿತ್ತು. ನಾಗಯ್ಯ ಭದ್ರಾವತಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ರಿಟೈರ್ ಆದವನು. ಹೊರಗೆ ನೂರಾರು ಜನಕ್ಕೆ ಬೇಯಿಸಿ ಹಾಕಿದ ಮನುಷ್ಯ ಮನೆಯಲ್ಲಿ ಸೌಟು ಮುಟ್ಟಿದವನಲ್ಲ. ಮುಟ್ಟಲು ಬಂಗಾರಮ್ಮ ಬಿಟ್ಟವಳೂ ಅಲ್ಲ. ಕ್ಯಾಂಟೀನ್ ನಿಮ್ಮದು, ಮನೆ ಒಲೆ ನನ್ನದು ಎಂದು ಮದುವೆಯಾದ ಹೊಸತರಲ್ಲೇ ಗೆರೆ ಎಳೆದಿದ್ದಳು. ಮಗ ಕಾಂತರಾಜನಿಗೆ ಮದುವೆಯಾಗಿ ಸೊಸೆ ಸಮತಾ ಬಂದ ಮೇಲೂ ಆ ಗೆರೆ ಅಳಿಸಲಿಲ್ಲ. ಸಮತಾ ಆಲ್ಕೊಳ ಸರ್ಕಲ್ಲಿನ ಹತ್ತಿರ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ಕಾಂತರಾಜ ಭದ್ರಾವತಿಯ ವರ್ಕ್‌ಶಾಪಿಗೆ ಹೋಗುತ್ತಾನೆ. ಬೆಳಗಿನ ತಿಂಡಿ, ಮಧ್ಯಾಹ್ನದ ಡಬ್ಬಿ ಸೊಸೆಯ ಪಾಲಿಗೆ. ರಾತ್ರಿಯ ಊಟ ಬಂಗಾರಮ್ಮನದು. ಕತ್ತಲಾದ ಮೇಲೆ ಒಬ್ಬ ಆ ಕಡೆಯ ಬಸ್ಸಿನಿಂದ, ಒಬ್ಬಳು ಈ ಕಡೆಯ ಬಸ್ಸಿನಿಂದ ಇಳಿದು ಬಂದು, ಮೊಮ್ಮಗಳು ಕವನ ಟ್ಯೂಷನ್ ಮುಗಿಸಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಇವತ್ತೇನು ಸಾರು ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಆಕೆಯದು. ಅರವತ್ತು ದಾಟಿದ ಮೇಲೆ ಮನುಷ್ಯರಿಗೆ ಅಂಥದ್ದೊಂದು ಅಧಿಕಾರ ಬೇಕೇ ಬೇಕು. ಕೈ ಕೂಡಿಕೊಳ್ಳುವಷ್ಟರಲ್ಲಿ ಅದು ಹೋಗಿಬಿಟ್ಟರೆ ತಾನು ಈ ಮನೆಯಲ್ಲಿ ಯಾರು ಎಂಬುದೇ ಆಕೆಯ ಭಯ.

ಮೊದಲ ಸಂಜೆ ಆ ಭಯಕ್ಕೆ ಸ್ವಲ್ಪ ಸಮಾಧಾನ ಸಿಕ್ಕಿತು. ನಾಗಯ್ಯ ಬಸ್‌ಸ್ಟಾಪಿನ ಸೊಪ್ಪಿನವಳು ಗಂಟು ಕಟ್ಟುವ ಹೊತ್ತಿಗೆ ಸರಿಯಾಗಿ ಹೋಗಿ, ಮಿಕ್ಕಿದ್ದ ದಂಟಿನ ಸೊಪ್ಪನ್ನೆಲ್ಲ ಅಗ್ಗಕ್ಕೆ ಬಾಚಿಕೊಂಡು ಬಂದ. ಬಸ್ಸಾರು ಮಾಡುತ್ತೇನೆಂದು ಹಬ್ಬದ ಪಾತ್ರೆ ಇಳಿಸಿದ. ಬಂಗಾರಮ್ಮ ಅಡುಗೆಮನೆ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮೈಯೆಲ್ಲಾ ಕಣ್ಣಾಗಿ ಕೂತಿದ್ದಳು. ಬೇಳೆ ಸುರಿಯುವ ರಭಸ ನೋಡಿ, ಇದೇನು ಊರಿಗೆಲ್ಲ ಊಟ ಹಾಕಿಸುತ್ತೀರಾ ಎಂದು ತಡೆದಳು.

"ಐದು ಜನಕ್ಕೆ ಎಷ್ಟು ಬೇಳೆ ಅಂತ ನನಗೆಲ್ಲಿ ಗೊತ್ತು ಮಾರಾಯ್ತಿ? ಐನೂರು ಜನಕ್ಕೆ ಕೇಳು, ಹೇಳ್ತೀನಿ" ಎಂದ ನಾಗಯ್ಯ.

ಊರಿಗಲ್ಲದಿದ್ದರೂ ಬೀದಿಗೆ ಆಗುವಷ್ಟು ಸಾರಾಯಿತು. ಕವನ ಡಬ್ಬಿ ಹಿಡಿದು ಮನೆ ಮನೆಗೆ ಹಂಚಿ ಬಂದಳು. ಉಪ್ಪು ಒಂದು ಹಿಡಿ ಮುಂದಾಗಿತ್ತು, ಯಾಕೆಂದರೆ ನಾಗಯ್ಯ ರುಚಿ ನೋಡುವವನಲ್ಲ. ಕ್ಯಾಂಟೀನಿನಲ್ಲಿ ಎಲ್ಲ ಮೂಗಿನ ಲೆಕ್ಕವೇ. ಆ ಸಂಜೆ ಬಂಗಾರಮ್ಮ, ಸಮತಾ ತಿರುವಿದ್ದ ಮುದ್ದೆಯನ್ನು ಎಡಗೈಯಲ್ಲಿ ಮುರಿಯಲು ಹೋಗಿ, ಎಡಗೈ ತಟ್ಟೆಗೆ ತಾಗಿದ್ದಕ್ಕೆ ತಾನೇ ನಾಚಿಕೊಂಡು ಹಿಂದೆಳೆದಳು. ಸಮತಾ ತುತ್ತು ಮಾಡಿ ಕೊಡಲು ಬಂದರೆ, ನಾನೇನು ಕೂಸೇ ಎಂದು ಮುಖ ತಿರುಗಿಸಿದಳು. ಹಸಿವಿಲ್ಲ ಎಂದು ಮುದ್ದೆ ಹಾಗೇ ಬಿಟ್ಟು ಎದ್ದಳು. ನಾಗಯ್ಯ ಆ ಮುದ್ದೆಯನ್ನೇ ನೋಡಿದ.

ಮಾರನೆಯ ಸಂಜೆ ಮನೆಯಲ್ಲಿ ಮುದ್ದೆ ಇಲ್ಲ.

ಬದಲಿಗೆ ಕುಕ್ಕರಿನಲ್ಲಿ ಅಕ್ಕಿ, ತೊಗರಿಬೇಳೆ, ಒಂದು ಹಿಡಿ ಅವರೆಕಾಳು, ಮೂಲೆಯಲ್ಲಿ ಬಾಡುತ್ತಿದ್ದ ಬದನೆಕಾಯಿ, ಎಲ್ಲವೂ ಒಟ್ಟಿಗೆ ಬಿತ್ತು. ಮೇಲಿನಿಂದ ಈರುಳ್ಳಿ, ಬೆಳ್ಳುಳ್ಳಿಯ ಒಗ್ಗರಣೆ, ಪಕ್ಕದಲ್ಲಿ ಸುಟ್ಟ ಹಪ್ಪಳ. ಇದರ ಹೆಸರು ಎರಡನೇ ಶಿಫ್ಟ್ ಅನ್ನ ಎಂದು ನಾಗಯ್ಯ ಪರಿಚಯ ಮಾಡಿಕೊಟ್ಟ. ಸೈರನ್ ಕೂಗಿ ಒಂದು ಶಿಫ್ಟ್ ಹೋಗಿ ಇನ್ನೊಂದು ಬರುವ ಗಡಿಬಿಡಿಯಲ್ಲಿ, ಒಲೆ ಒಂದೇ ಖಾಲಿ ಇದ್ದಾಗ ಹುಟ್ಟಿದ ಅಡುಗೆಯಂತೆ. ಬಂಗಾರಮ್ಮ ಮೂಗು ಮುರಿದಳು. ರಾತ್ರಿ ಊಟ ಎಂದರೆ ಮುದ್ದೆ, ಸಾರು, ಪಲ್ಯ. ಎಲ್ಲ ಒಟ್ಟಿಗೆ ಕಲಸಿ ಕೊಡುವುದು ಸೋಮಾರಿಗಳ ಲಕ್ಷಣ. ಐದು ಮುದ್ದೆ ತಿರುವಲು ಬಾರದ ಕ್ಯಾಂಟೀನ್ ಭಟ್ಟರು ಹುಡುಕಿಕೊಂಡ ನೆಪ ಇದು ಎಂದು ಕುರ್ಚಿಯಿಂದಲೇ ತೀರ್ಪು ಕೊಟ್ಟಳು. ನಾಗಯ್ಯ ಆ ತೀರ್ಪಿಗೆ ಮೇಲ್ಮನವಿ ಹಾಕಲಿಲ್ಲ; ಆಕೆಯ ತಟ್ಟೆಯಲ್ಲಿ ಒಂದು ಚಮಚ ಇಟ್ಟು ಬಡಿಸಿದ.

ಆ ಅನ್ನಕ್ಕೆ ಮನೆಯವರು ಬಿದ್ದೇ ಹೋದರು. ತೊಳೆಯಲು ಒಂದೇ ಪಾತ್ರೆ ಎಂದು ಸಮತಾ ಬಿದ್ದಳು. ಹಪ್ಪಳಕ್ಕೆ ಕವನ ಬಿದ್ದಳು. ಹುಟ್ಟಿದಾಗಿನಿಂದ ಊಟದ ಬಗ್ಗೆ ಚಕಾರ ಎತ್ತದ ಕಾಂತರಾಜ ಕೈ ತೊಳೆಯುತ್ತಾ, ಅಪ್ಪ, ಇದನ್ನೇ ಇನ್ನೊಂದು ದಿನ ಮಾಡು ಎಂದ. ಆ ಮಾತು ಬಂಗಾರಮ್ಮನ ಎದೆಗೆ ನಾಟಿತು. ಹೆತ್ತ ಮಗ ತನ್ನ ಅಡುಗೆಯನ್ನು ಇನ್ನೊಂದು ದಿನ ಮಾಡು ಎಂದು ಎಂದಾದರೂ ಕೇಳಿದ್ದನೇ? ಕೇಳುವ ಮೊದಲೇ ಮಾಡಿ ಹಾಕಿದ್ದು ತನ್ನ ತಪ್ಪೇ ಎಂದು ಹಾಸಿಗೆಯಲ್ಲಿ ಹೊರಳಾಡಿದಳು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಅದನ್ನು ಆಕೆ ಯಾರಿಗೂ ಹೇಳುವಂತಿರಲಿಲ್ಲ. ಆಕೆಗೆ ಹಸಿವಾಗುತ್ತಿತ್ತು. ಬರೀ ಹಸಿವಲ್ಲ, ಬಾಯಲ್ಲಿ ನೀರೂರುವ, ಮಕ್ಕಳ ಹಾಗೆ ಗಡಿಯಾರ ನೋಡಿಸುವ ಹಸಿವು. ಸಂಜೆ ಸಾಸಿವೆ ಸಿಡಿದ ಸದ್ದು ಕೇಳಿದರೆ ಸಾಕು, ಕುರ್ಚಿಯಲ್ಲಿ ಕೂತಲ್ಲೇ ಹೊಟ್ಟೆ ಕೂಗುತ್ತಿತ್ತು. ಉಪ್ಪು ಜಾಸ್ತಿ, ಖಾರ ಕಮ್ಮಿ ಎಂದು ಬೈಯುತ್ತಲೇ ಇನ್ನಷ್ಟು ಹಾಕಿಸಿಕೊಳ್ಳಲು ಎಡಗೈಯಲ್ಲಿ ತಟ್ಟೆ ಮುಂದೆ ತಳ್ಳುತ್ತಿದ್ದಳು. ಒಂದು ದಿನ ಮೊಟ್ಟೆ ಹಾಕಿದ ಟೊಮ್ಯಾಟೊ ಅನ್ನ, ಒಂದು ದಿನ ಹುರಳಿಕಾಳಿನ ಕಿಚಡಿ, ಮತ್ತೊಂದು ದಿನ ತರಕಾರಿ ತುಂಬಿದ ರವೆ ಉಪ್ಪಿಟ್ಟು. ಯಾವುದಕ್ಕೂ ದೊಡ್ಡ ಖರ್ಚಿಲ್ಲ, ದೊಡ್ಡ ಗಡಿಬಿಡಿಯಿಲ್ಲ, ಎಲ್ಲವೂ ಬಿಸಿ ಬಿಸಿ. ಆಕೆಯ ರವಿಕೆಯ ತೋಳು ಬಿಗಿಯಾಗತೊಡಗಿತು. ಸೋತವರು ಸೊರಗಬೇಕು, ತಾನು ಸೋಲುತ್ತಾ ದಪ್ಪಗಾಗುತ್ತಿರುವೆನಲ್ಲ ಎಂದು ಬಂಗಾರಮ್ಮನಿಗೆ ತನ್ನ ಮೇಲೇ ಸಿಟ್ಟು.

ಪ್ಲಾಸ್ಟರ್ ತೆಗೆಸುವ ವಾರ ಕಾಂತರಾಜ ಊಟಕ್ಕೆ ಕೂತು, ಎಲ್ಲ ಚೆನ್ನಾಗಿದೆ ಅಪ್ಪ, ಆದರೆ ಮುದ್ದೆ ತಿಂದು ಎಷ್ಟು ದಿನವಾಯಿತು, ನಾಳೆ ಒಂದಿಷ್ಟು ತಿರುವು ಎಂದ. ಬಂಗಾರಮ್ಮ ಬಚ್ಚಲಿನಲ್ಲಿ ಕಾಲು ತೊಳೆಯುತ್ತಿದ್ದಳು. ನಾಗಯ್ಯ ದನಿ ತಗ್ಗಿಸಿದ್ದು ಆಕೆಗೆ ಕೇಳುವುದು ಬೇಡವೆಂದೇ. ಆದರೆ ಕ್ಯಾಂಟೀನಿನ ಗದ್ದಲದಲ್ಲಿ ಮಾತಾಡಿ ಬೆಳೆದ ದನಿ ಎಷ್ಟೆಂದು ತಗ್ಗೀತು?

"ಮುದ್ದೆ ಈಗ ಬೇಡ ಕಣೋ. ಬಲಗೈ ಇಲ್ದೆ ನಿಮ್ಮಮ್ಮ ಮುದ್ದೆ ಹೆಂಗೆ ತಿಂತಾಳೆ? ಎಡಗೈಲಿ ಮುರಿಯೋಕೆ ಅವಳಿಗೆ ನಾಚಿಕೆ. ನಾವೆಲ್ಲ ಮುದ್ದೆ ಉಣ್ತಾ ಅವಳೊಬ್ಬಳಿಗೆ ಬೇರೆ ಮಾಡಿಕೊಟ್ರೆ ಬೇಜಾರು ಮಾಡ್ಕೊತಾಳೆ. ಅವಳ ಕೈ ಸರಿಹೋಗೋ ತನಕ ಈ ಮನೇಲಿ ಎಲ್ಲರಿಗೂ ಚಮಚದ ಊಟಾನೇ."

ಬಂಗಾರಮ್ಮ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಳು. ಸೋಮಾರಿ ಎಂದಿದ್ದಳು. ಮುದ್ದೆ ತಿರುವಲು ಬಾರದವನು ಎಂದಿದ್ದಳು, ಅದೂ ಸೊಸೆಯ ಮುಂದೆ, ಒಂದಲ್ಲ ಹತ್ತು ಸಲ. ಎಲ್ಲವನ್ನೂ ಕೇಳಿಸಿಕೊಂಡು ದಿನಾ ತಟ್ಟೆಯಲ್ಲಿ ಚಮಚ ಇಟ್ಟಿದ್ದನಲ್ಲ ಈ ಮನುಷ್ಯ. ಗಂಡನ ಮೇಲೆ ಇಷ್ಟು ಪ್ರೀತಿ ಬಂದದ್ದು ಯಾವ ಕಾಲದಲ್ಲೋ ಎನಿಸಿತು. ಹೊರಗೆ ಬಂದು ಏನೂ ಕೇಳಿಸದವಳ ಹಾಗೆ ಕೂತು, ಅವತ್ತು ಉಪ್ಪಿನ ಸುದ್ದಿ ಎತ್ತದೆ ಉಂಡಳು. ಉಪ್ಪು ನಿಜಕ್ಕೂ ಜಾಸ್ತಿಯಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಭಾರ ಎತ್ತಬೇಡಿ ಎಂದರು. ಬಂಗಾರಮ್ಮ ತಲೆಯಾಡಿಸಿ ಮನೆಗೆ ಬಂದವಳೇ ಸೆರಗು ಸಿಕ್ಕಿಸಿದಳು. ನಾಗಯ್ಯ ಕೂಡಲೇ ಸೌಟು ಕೆಳಗಿಟ್ಟು ಹೊರಗೆ ಬಂದ. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟನಲ್ಲ ಎಂದು ಆಕೆಗೆ ಒಳಗೊಳಗೇ ಸ್ವಲ್ಪ ನಿರಾಸೆಯೂ ಆಯಿತು. ಸೊಪ್ಪು ಬೇಳೆ ಬೇಯಿಸಿ ಬಸಿದಳು, ಖಾರ ರುಬ್ಬಿದಳು, ಪಲ್ಯಕ್ಕೆ ಕಾಯಿ ತುರಿದಳು. ಮುದ್ದೆ ತಿರುವುವಾಗ ಮಾತ್ರ ಮಣಿಕಟ್ಟು ಚುಳ್ ಎಂದಿತು. ತುಟಿ ಕಚ್ಚಿ ನಿಂತಿರುವಾಗ ಪಕ್ಕದಿಂದ ನಾಗಯ್ಯನ ಕೈ ಬಂದು ಕೋಲು ಹಿಡಿಯಿತು. ಗಂಟಿಲ್ಲದ ಹಾಗೆ, ಹೊಳೆಯುವ ಹಾಗೆ ತಿರುವಿಕೊಟ್ಟು ಹೋಯಿತು. ಅದನ್ನು ನೋಡಿ ಬಂಗಾರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಆ ಸಂಜೆ ಮನೆ ತುಂಬಾ ಸಂತೋಷ. ಕಾಂತರಾಜ ಮುದ್ದೆ ಮೇಲೆ ಮುದ್ದೆ ಹಾಕಿಸಿಕೊಂಡ. ಅಜ್ಜಿ, ನಿನ್ನ ಸಾರೇ ಸಾರು ಎಂದಳು ಕವನ. ಸಮತಾ ಎರಡು ಸಲ ಪಲ್ಯ ಕೇಳಿದಳು. ಒಂದೂವರೆ ತಿಂಗಳು ಬಂಗಾರಮ್ಮ ಕಾದದ್ದು ಈ ಮಾತುಗಳಿಗೇ. ಅಧಿಕಾರ ಎಲ್ಲಿಗೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಎಲ್ಲರಿಗೂ ಬಡಿಸಿ, ಮಿಕ್ಕದ್ದನ್ನು ಬಾಚಿ ಹಾಕಿಕೊಂಡು, ಎಂದಿನಂತೆ ಕೊನೆಯಲ್ಲಿ ಉಣ್ಣಲು ಕೂತಳು.

ತುತ್ತು ಬಾಯಿಗಿಟ್ಟರೆ ಹಸಿವೇ ಇಲ್ಲ.

ಸಾರು ಸರಿಯಾಗಿಯೇ ಇತ್ತು. ಆದರೆ ಸಂಜೆಯಿಂದ ಅದರ ಹೊಗೆ ಕುಡಿದು ಕುಡಿದು ಹೊಟ್ಟೆ ಮುಚ್ಚಿಕೊಂಡಿತ್ತು. ಎಷ್ಟೋ ವರ್ಷಗಳಿಂದ ಹೀಗೇ ಅಲ್ಲವೇ ಉಂಡದ್ದು ಎಂದು ಆಕೆಗೆ ಆಗ ಹೊಳೆಯಿತು. ಇದನ್ನೇ ರಾತ್ರಿಯ ಊಟ ಎಂದುಕೊಂಡಿದ್ದಳು, ಯಾಕೆಂದರೆ ಬೇರೆಯವರು ಬಿಸಿ ಬಿಸಿ ಬಡಿಸಿದ ರಾತ್ರಿಯ ಊಟ ಕಂಡಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ನಾಗಯ್ಯ ಇನ್ನೂ ಉಣ್ಣುತ್ತಿದ್ದ. ಬರಗಾಲದಿಂದ ಬಂದವನ ಹಾಗೆ, ಸಾರಿನಲ್ಲಿ ಬೆರಳು ಮುಳುಗಿಸಿ, ಕಣ್ಣು ಮುಚ್ಚಿಕೊಂಡು. ಅಂಗಿ ಭುಜದಿಂದ ಜೋತುಬಿದ್ದಿತ್ತು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ತಾನು ದಪ್ಪಗಾದ ದಿನಗಳಲ್ಲೆಲ್ಲ ಈತ ಇಳಿದು ಹೋಗಿದ್ದು ತನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ.

"ಇಷ್ಟು ದಿನ ಸರಿಯಾಗಿ ಊಟ ಮಾಡ್ತಿರಲಿಲ್ವಾ ನೀವು?"

ನಾಗಯ್ಯ ಕಣ್ಣು ತೆರೆದ.

"ಮಾಡಿದೋನಿಗೆ ಎಲ್ಲಿ ಹಸಿವಾಗುತ್ತೆ ಮಾರಾಯ್ತಿ? ಒಗ್ಗರಣೆ ಹೊಗೇಲೇ ಹೊಟ್ಟೆ ತುಂಬಿಹೋಗುತ್ತೆ. ಕ್ಯಾಂಟೀನಲ್ಲೂ ಹಂಗೇ ಇತ್ತು, ಮಧ್ಯಾಹ್ನ ಏನೂ ಸೇರ್ತಿರಲಿಲ್ಲ. ಮನೆಗೆ ಬಂದು ನಿನ್ನ ಕೈ ಊಟ ಮಾಡಿದ್ರೇನೇ ಜೀವ ಬರ್ತಿತ್ತು."

ಇದನ್ನು ಆತ ಮೊದಲ ಸಲ ಹೇಳಿದ. ಬಂಗಾರಮ್ಮ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಈತನಿಗೆ ಬರಲು ಒಂದು ಮನೆಯಿತ್ತು, ಆ ಮನೆಯಲ್ಲಿ ರಾತ್ರಿಗೆ ಇನ್ನೊಬ್ಬರ ಕೈಯ ಬಿಸಿ ಅಡುಗೆಯಿತ್ತು. ತನಗೆ ಅದು ಸಿಕ್ಕಿದ್ದು ಮೂಳೆ ಮುರಿದ ಮೇಲೆ. ಒಲೆಗಾಗಿ ಇಷ್ಟು ದಿನ ಎದೆ ಸುಟ್ಟುಕೊಂಡಳಲ್ಲ. ಈಗ ಒಲೆ ಪೂರ್ತಿ ತನ್ನದೇ ಆಗಿರುವಾಗ, ಅದು ಪೂರ್ತಿ ಬೇಡ ಎನಿಸಿತು. ದಿನ ಬಿಟ್ಟು ದಿನ ಸಾಕು. ಒಂದು ದಿನ ಆತ ಉಣ್ಣಲಿ, ಒಂದು ದಿನ ತಾನು ಉಣ್ಣುವುದು.

"ನಾಳೆ ಅಡುಗೆ ನೀವು ಮಾಡಿ" ಎಂದಳು.

ನಾಗಯ್ಯ ತಟ್ಟೆ ಬಿಟ್ಟು ಆಕೆಯ ಮಣಿಕಟ್ಟಿನ ಕಡೆ ನೋಡಿದ. ನೋಯುತ್ತಿದೆಯೇ, ಡಾಕ್ಟರ ಹತ್ತಿರ ಹೋಗಿ ಬರೋಣವೇ ಎಂದು ಗಾಬರಿಯಿಂದ ಕೇಳಿದ.

"ಕೈಗೇನೂ ಆಗಿಲ್ಲ" ಎಂದಳು ಬಂಗಾರಮ್ಮ. "ನನಗೂ ಹಸಿವಾಗ್ಲಿ."