ಕಾಶೀಬಾಯಿ ಗಾಡಿ ಕಲಿತದ್ದು

ಖಾಸಗಿ ಶಾಲೆಯ ಕೆಲಸ ಬಿಟ್ಟು ಇನ್ನು ಮನೆಯಲ್ಲೇ ಕೂತು ಬರೆಯುತ್ತೇನೆ ಎಂದು ಬುಶ್ರಾ ಹೇಳಿದ ದಿನ ಅವಳ ಅಬ್ಬಾ ದಸ್ತಗೀರಸಾಬ ಕೇಳಿದ್ದು ಒಂದೇ ಮಾತು. "ಬರಿ, ಬ್ಯಾಡ ಅನ್ನೂದಿಲ್ಲ. ಆದ್ರ ಯಾರಿಗೆ ಬರಿತಿ?"

ಯಾವ ಪತ್ರಿಕೆಯೂ ಅವಳನ್ನು ಕರೆದಿರಲಿಲ್ಲ. ಪುಸ್ತಕ ಮಾಡುತ್ತೇವೆ ಕೊಡಿ ಎಂದು ಯಾರೂ ಬಾಗಿಲು ತಟ್ಟಿರಲಿಲ್ಲ. ಮುಂಜಾನೆ ಒಂದಿಷ್ಟು ಹೊತ್ತು ಲಗ್ನಪತ್ರಿಕೆ, ಬ್ಯಾನರುಗಳ ಅಕ್ಷರ ಜೋಡಿಸಿಕೊಟ್ಟು ಕೈಖರ್ಚು ನೋಡಿಕೊಳ್ಳುವಳು. ಉಳಿದ ಹೊತ್ತೆಲ್ಲ ತನ್ನದೇ. ಮೊಬೈಲಿನಲ್ಲಿ 'ಇದು ಸುದ್ದಿಯಲ್ಲ' ಎಂಬ ಹೆಸರಿನ ಪುಟ ಮಾಡಿಕೊಂಡು ಸಿಂದಗಿಯಲ್ಲಿ ತನಗೆ ಕಂಡದ್ದನ್ನೆಲ್ಲ ಅಲ್ಲಿ ಹಾಕತೊಡಗಿದಳು. ಮೊದಲು ಅಂಗಡಿಗಳ ಹಳೆಯ ಕೈಬರಹದ ಬೋರ್ಡುಗಳ ಚಿತ್ರ ಬಿಡಿಸಿ, ಒಂದೊಂದರ ಕೆಳಗೂ ನಾಲ್ಕು ಸಾಲು ಬರೆದಳು. ಆಮೇಲೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಶೇಂಗಾ ಮಾರುವವರ, ಪೇರಲಹಣ್ಣು ಮಾರುವವರ ಕೂಗುಗಳನ್ನು ಧ್ವನಿ ಹಿಡಿದು ಜೋಡಿಸಿದಳು. ಇಂಥದ್ದನ್ನು ಯಾರು ನೋಡುತ್ತಾರೆ ಎಂದುಕೊಂಡರೆ, ಇಂಡಿಯವರು ನೋಡಿದರು, ಮುದ್ದೇಬಿಹಾಳದವರು ನೋಡಿದರು, ನಮ್ಮೂರಿಗೂ ಬರ್ರಿ ಎಂದು ಬಸವನ ಬಾಗೇವಾಡಿಯವರು ಕರೆದರು. ಆ ಧೈರ್ಯದ ಮೇಲೆ ಬುಶ್ರಾ ಪ್ರತಿ ಗುರುವಾರಕ್ಕೊಂದು ಕಂತು ಎಂದು ಕಥೆಯೊಂದನ್ನು ಶುರುಮಾಡಿದಳು.

ಕಥೆಯ ನಾಯಕಿ ಕಾಶೀಬಾಯಿ. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ, ಬಾಯಿ ಜೋರಿನ, ಬಡಿಸುವ ಕೈ ದೊಡ್ಡದಾದ ಹೆಂಗಸು. ಐವತ್ತು ದಾಟಿದ ಮೇಲೆ ಅವಳಿಗೆ ಗಾಡಿ ಓಡಿಸುವ ಹುಕಿ ಹತ್ತುತ್ತದೆ. ಯಾರಿಗೂ ಹೇಳದೆ ಕೆಲವೇ ದಿನಗಳಲ್ಲಿ ಕಲಿತು, ಒಂದು ಮುಂಜಾನೆ ಸೆರಗು ಸಿಗಿಸಿಕೊಂಡು ಸ್ಕೂಟಿಯ ಮೇಲೆ ಸಂತೆಯ ನಡುವೆ ಬಾಣದ ಹಾಗೆ ಹಾದುಹೋಗುತ್ತಾಳೆ. ಆ ಕಂತನ್ನು ಜನ ಎಷ್ಟು ಹಂಚಿಕೊಂಡರೆಂದರೆ, ಬುಶ್ರಾ ದಿನವೆಲ್ಲ ಫೋನು ನೋಡಿಕೊಂಡು ಒಬ್ಬಳೇ ನಗುತ್ತ ಓಡಾಡಿದಳು.

ಮಾರನೆಯ ದಿನ ಮಧ್ಯಾಹ್ನ ಊಟದ ಗದ್ದಲ ಮುಗಿದ ಹೊತ್ತಿಗೆ ಬಾಳಮ್ಮ ಅವಳ ಮನೆಗೆ ಬಂದಳು. ಬಸ್ ನಿಲ್ದಾಣದ ಹಿಂದೆ ನಿಜವಾಗಿಯೂ ಖಾನಾವಳಿ ನಡೆಸುವವಳು ಅವಳೇ. ಗಂಡ ತೀರಿಕೊಂಡ ಮೇಲೆ ತಾನೇ ಅದನ್ನು ಎತ್ತಿ ನಿಲ್ಲಿಸಿದವಳು. ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ಯಾಕವಾ ಬುಶ್ರಾ, ನಿನಗ ಬರಿಯಾಕ ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?"

"ಅದು ನೀವಲ್ಲ ಮೌಶಿ. ಅಕಿ ಕಾಶೀಬಾಯಿ…"

"ಕಾಶೀಬಾಯಿ ಖಾನಾವಳಿ ಎಲ್ಲೈತಿ?"

"ಬಸ್ ಸ್ಟ್ಯಾಂಡ್ ಹಿಂದ," ಎಂದಳು ಬುಶ್ರಾ ಸಣ್ಣ ದನಿಯಲ್ಲಿ.

"ಅಕಿ ಮೂಗಿನಾಗ ಏನೈತಿ?"

"ಎರಡೂ ಕಡೆ ಮೂಗಬೊಟ್ಟು."

ಬಾಳಮ್ಮ ತನ್ನ ಮೂಗಿನ ಎರಡೂ ಕಡೆ ಬೆರಳಿಟ್ಟು ತೋರಿಸಿದಳು. "ಮತ್ತ ಇವೇನು, ಗುಂಡಸೂಜಿ ಏನು?"

ಒಳಗೆ ಪೇಪರು ಓದುತ್ತಿದ್ದ ದಸ್ತಗೀರಸಾಬ ನಗು ತಡೆಯಲಾರದೆ ಕೆಮ್ಮಿದರು. ಬಾಳಮ್ಮ ಕೂತು ನೀರು ಕುಡಿದು ತನ್ನ ಕಷ್ಟ ಹೇಳಿಕೊಂಡಳು. ಉಣ್ಣಲು ಬಂದವರೆಲ್ಲ 'ಗಾಡಿ ಎಲ್ಲಿ ನಿಲ್ಲಿಸೀರಿ' ಎಂದು ಕೇಳುತ್ತಾರೆ. ಕಾಳಿನ ವ್ಯಾಪಾರಿ ಶ್ರೀಶೈಲಪ್ಪನಂತೂ ತಾಟಿನ ಮುಂದೆ ಕೂತು, ರೊಟ್ಟಿ ಮುರಿಯುವುದನ್ನು ಬಿಟ್ಟು, ಆ ಕಂತನ್ನು ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳಿದ್ದಾನೆ.

ಬುಶ್ರಾಳ ಮುಖ ಬಾಡಿತು. "ತಪ್ಪಾತು ಮೌಶಿ. ನಾಳೆನ ಬದಲ ಮಾಡ್ತೇನಿ. ಖಾನಾವಳಿ ತಗದು ಬಳಿ ಅಂಗಡಿ ಮಾಡ್ತೇನಿ, ಊರೂ ಬ್ಯಾರೆ ಇಡ್ತೇನಿ."

ಬಾಳಮ್ಮ ಮುಂದಕ್ಕೆ ಬಾಗಿ, ದನಿ ಇಳಿಸಿ ಕೇಳಿದಳು. "ಅದ ಇರಲಿ. ಅಕಿ ಹೆಂಗ ಕಲಿತಳು, ಅದನ್ನ ಹೇಳು. ಕಲತಳು ಅಂತ ಒಂದ ಸಾಲಿನಾಗ ಬರದು ಮುಗಿಸೀದಿ."

"ಅದು… ಹಂಗ, ಕಲತಳು."

"ನಿನಗ ಓಡಸಾಕ ಬರತೈತಿ?"

"ಇಲ್ಲ ಮೌಶಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಬಾಳಮ್ಮನೇ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು ನಿಜ ಹೇಳಿದಳು. ಮಗಳು ಸುನಂದಾ ಕಾಲೇಜಿಗೆ ಹೋಗುವಾಗ ಕೊಡಿಸಿದ ಸ್ಕೂಟಿ, ಅವಳು ಮದುವೆಯಾಗಿ ಮೋರಟಗಿಗೆ ಹೋದ ಮೇಲೆ ಹಿತ್ತಿಲಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಸುನಂದಾ ಈಗ ಬಸುರಿ. ಅದು ತಿನ್ನಬೇಕು, ಇದು ತಿನ್ನಬೇಕು ಎಂದು ಫೋನು ಮಾಡುತ್ತಾಳೆ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಬಸ್ಸು ಹಿಡಿದು ಹೋಗಿ ಬರುವುದು ಆಗದ ಮಾತು. ಹಿತ್ತಿಲಿಗೆ ಹೋದಾಗಲೆಲ್ಲ ಆ ಗಾಡಿ ತನ್ನನ್ನೇ ನೋಡುತ್ತದೆ.

"ನೀ ಬರದು ಊರಿಗೆಲ್ಲಾ ಹೇಳೀದಿ. ಈಗ ನೀನ ಕಲಿಸು, ಬರೂದಿಲ್ಲಂದ್ರ ನೀನೂ ನನ್ನ ಜೋಡಿ ಕಲಿ. ಆದ್ರ ಕಲಿಯೂತನಕ ಯಾರಿಗೂ ಗೊತ್ತಾಗಬಾರ್ದು ನೋಡ."

ಕಲಿಸುವವರು ಯಾರು ಎಂಬ ಪ್ರಶ್ನೆಗೆ ಒಳಗಿನಿಂದ ಉತ್ತರ ಬಂತು. ದಸ್ತಗೀರಸಾಬ ಪೇಪರು ಮಡಚಿಟ್ಟು ಹೊರಗೆ ಬಂದಿದ್ದರು. ಜೀವಮಾನವೆಲ್ಲ ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಎರಡು ಗಾಲಿಯ ಗಾಡಿಯನ್ನು ಅವರು ಗಾಡಿ ಎಂದು ಎಂದೂ ಒಪ್ಪಿದವರಲ್ಲ, ಸೈಕಲ್ಲು ಬಿಟ್ಟರೆ ಒಂದನ್ನೂ ಮುಟ್ಟಿದವರೂ ಅಲ್ಲ. ಆದರೆ ಕಲಿಸುವ ಮಾತು ಬಂದಾಗ ಅದೆಲ್ಲ ಅಡ್ಡ ಬರಲಿಲ್ಲ.

"ರಸ್ತೆ ಅಂದ್ರ ರಸ್ತೆನ. ಗಾಲಿ ಎಷ್ಟರೆ ಇರಲಿ," ಎಂದರು.

ಕಲಿಯುವವರ ಲೈಸೆನ್ಸು ಮಾಡಿಸಿಕೊಂಡದ್ದೇ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಪಾಠ ಶುರುವಾಯಿತು. ಅಲ್ಲಿ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ನೋಡಿ ನಗುವವರೂ ಇರಲಿಲ್ಲ. ದಸ್ತಗೀರಸಾಬ ಮಡಚುವ ಕುರ್ಚಿಯೊಂದನ್ನು ಹಾಕಿಕೊಂಡು ನಡುರಸ್ತೆಯಲ್ಲಿ ಕೂತರು. ಗಾಡಿ ಏರುವ ಮೊದಲು ಒಂದು ಸುತ್ತು ಹಾಕಿ ಗಾಲಿ ಒದ್ದು ನೋಡಬೇಕು ಎಂಬುದು ಅವರ ಮೊದಲ ಪಾಠ. ಬಾಳಮ್ಮ ಒದ್ದ ಒದೆತಕ್ಕೆ ಸ್ಕೂಟಿಯೇ ಮಗ್ಗುಲಾಯಿತು.

"ಬಸ್ಸಿಗೆ ಒದಿಯೂದು ಬ್ಯಾರೆ, ಇದಕ್ಕ ಒದಿಯೂದು ಬ್ಯಾರೆರಿ ಅಣ್ಣಾರ," ಎಂದಳು ಅದನ್ನು ಎತ್ತಿ ನಿಲ್ಲಿಸುತ್ತ.

ಬಾಳಮ್ಮನಿಗೆ ಭಯ ಕಡಿಮೆ, ಬ್ರೇಕು ಮರೆಯುವುದು ಹೆಚ್ಚು. ಎರಡನೆಯ ದಿನವೇ ಬಡಾವಣೆಯ ಹೆಸರಿನ ಫಲಕಕ್ಕೆ ಹೋಗಿ ಗುದ್ದಿದಳು. ಬುಶ್ರಾಳದು ತಿರುಗು ಮುರುಗು: ಬ್ರೇಕನ್ನು ಬಿಡುವುದೇ ಇಲ್ಲ. ಒಂದು ಮುಂಜಾನೆ ಹೇಗೋ ಬಿಟ್ಟಳು. ಬಿಟ್ಟದ್ದೇ ಗಾಡಿ ಅವಳನ್ನು ಹೊತ್ತು ನೆಟ್ಟಗೆ ಜಾಲಿಕಂಟಿಯೊಳಗೆ ಹೋಯಿತು. ಮುಳ್ಳು ಕೀಳುತ್ತ ಕೂತ ಬಾಳಮ್ಮ, "ಕಾಶೀಬಾಯಿಗೆ ಒಂದ ಮುಳ್ಳರೆ ಚುಚ್ಚಿತ್ತೇನು?" ಎಂದು ಕೇಳಿದಳು. ಬುಶ್ರಾಳಿಗೆ ನೋವಿನಲ್ಲೂ ನಗು ಬಂತು.

ಆ ಗುರುವಾರ ಬರೆಯಲು ಕೂತಾಗ, ಕಾಶೀಬಾಯಿಯನ್ನು ಮತ್ತೆ ಬಾಣದ ಹಾಗೆ ಓಡಿಸಲು ಅವಳ ಕೈ ಬರಲಿಲ್ಲ. ಹ್ಯಾಂಡಲ್ ಹಿಡಿದ ಅಂಗೈ ಬೆವರುವುದು, ಎದುರು ಏನೂ ಇಲ್ಲದ ಖಾಲಿ ರಸ್ತೆಯಲ್ಲೂ ಎದೆ ಬಡಿದುಕೊಳ್ಳುವುದು, ಬಿದ್ದಾಗ ಮೊದಲು ಮೈ ನೋಡಿಕೊಳ್ಳದೆ ಯಾರಾದರೂ ಕಂಡರೇನೋ ಎಂದು ಸುತ್ತ ನೋಡುವುದು, ಇದೆಲ್ಲ ಈಗ ಅವಳಿಗೆ ಗೊತ್ತಿತ್ತು. ಆ ಕಂತಿನಲ್ಲಿ ಕಾಶೀಬಾಯಿ ಬಿದ್ದಳು, ಚೆನ್ನಾಗಿಯೇ ಬಿದ್ದಳು.

ಓದುಗರು ತಿರುಗಿಬಿದ್ದರು. ಅಷ್ಟು ಛಂದ ಓಡಿಸುತ್ತಿದ್ದವಳನ್ನು ಯಾಕೆ ಕೆಡವಿದಿರಿ ಎಂದು ಕೆಲವರು ಜಗಳಕ್ಕೇ ಬಂದರು. ಇನ್ನು ಮುಗಿಯಿತು ನನ್ನ ಕಥೆ ಎಂದು ಬುಶ್ರಾ ಫೋನು ಮಗುಚಿಟ್ಟು ಮಲಗಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಮುದ್ದೇಬಿಹಾಳದ ಕಾವೇರಿ ಎಂಬ ಹೆಣ್ಣುಮಗಳ ಧ್ವನಿಸಂದೇಶ ಬಂದಿತ್ತು.

"ನಾನೂ ಬಿದ್ದೇನ್ರಿ ಅಕ್ಕಾರ. ಅದೂ ಎಲ್ಲಿ ಅಂತೀರಿ? ಅತ್ತಿ ಮುಂದ, ಅಂಗಳದಾಗ, ಒಣಹಾಕಿದ್ದ ಶಾಂಡಗಿ ಮ್ಯಾಲ! ಅತ್ತಿ ನನ್ನ ಕೇಳಲಿಲ್ಲ, ಶಾಂಡಗಿ ಎಷ್ಟು ಉಳದಾವು ಅಂತ ನೋಡಿದ್ರು."

ಅದನ್ನು ಅವಳ ಒಪ್ಪಿಗೆ ಪಡೆದು ಬುಶ್ರಾ ಪುಟದಲ್ಲಿ ಹಾಕಿದಳು. ಅಷ್ಟೇ ಸಾಕಾಯಿತು. ಇಂಡಿಯವಳೊಬ್ಬಳು ಲಿಂಬಿಹಣ್ಣಿನ ಚೀಲದ ಸಮೇತ ಬಿದ್ದದ್ದನ್ನೂ, ಜನ ಅವಳನ್ನು ಬಿಟ್ಟು ಹಣ್ಣು ಆರಿಸಿದ್ದನ್ನೂ ಹೇಳಿದಳು. ಹೂವಿನ ಹಿಪ್ಪರಗಿಯ ಅಂಗನವಾಡಿ ಟೀಚರೊಬ್ಬರು ಎಮ್ಮೆಗೆ ದಾರಿ ಬಿಡಲು ಹೋಗಿ ತಾವೇ ಹೊಂಡಕ್ಕಿಳಿದಿದ್ದರು. ಬಿದ್ದವರ ಕಥೆಗಳು ದಿನವೂ ಬರತೊಡಗಿದವು. ಖಾನಾವಳಿಯ ಪಾತ್ರೆ ತಿಕ್ಕುತ್ತ ಅವನ್ನೆಲ್ಲ ಕೇಳಿಸಿಕೊಂಡ ಬಾಳಮ್ಮ ನಿಟ್ಟುಸಿರು ಬಿಟ್ಟಳು. "ನಾ ಒಬ್ಬಾಕಿನ ದಡ್ಡಿ ಅಂತ ತಿಳದಿದ್ದೆ. ಜಿಲ್ಲಾನ ಬಿದ್ದೈತಿ!"

ಚಳಿ ಹೊಕ್ಕು ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ಇಬ್ಬರಿಗೂ ಪಕ್ಕಾ ಲೈಸೆನ್ಸು ಸಿಕ್ಕಿತು. ದಸ್ತಗೀರಸಾಬ ಅದನ್ನು ಬೆಳಕಿಗೆ ಹಿಡಿದು ನೋಡಿ, "ಫೋಟೋದಾಗ ಇಬ್ಬರೂ ಕಳ್ಳರಂಗ ಕಾಣ್ತೀರಿ," ಎಂದರು. ಆದರೆ ಆ ದಿನ ಮಸೀದಿಯಿಂದ ಬರುವಾಗ ಪೇಡೆ ತಂದರು.

ಅದಾದ ಸ್ವಲ್ಪ ದಿನಕ್ಕೆ ಸುನಂದಾಳ ಫೋನು ಬಂತು. "ಅವ್ವಾ, ನಿನ್ನ ಕೈಯಾನ ಪುಂಡಿಪಲ್ಯ, ಜ್ವಾಳದ ನುಚ್ಚು ತಿನ್ನಬೇಕನಸಾಕತ್ತೈತಿ. ಈಗಿಂದೀಗ."

ಬಾಳಮ್ಮ ಮಧ್ಯಾಹ್ನದ ಊಟ ಮುಗಿಸಿ, ಉಳಿದದ್ದನ್ನು ಅಡುಗೆಯಾಕೆಗೆ ಒಪ್ಪಿಸಿ, ಡಬ್ಬಿ ಕಟ್ಟಿಕೊಂಡು ಬುಶ್ರಾಳನ್ನು ಕರೆದಳು. ಹೆಲ್ಮೆಟ್ ಹಾಕಿಕೊಂಡ ಮೇಲೆ ಬಾಳಮ್ಮನನ್ನು ಹಿತ್ತಿಲ ಓಣಿಯಲ್ಲಿ ಯಾರೂ ಗುರುತಿಸಲಿಲ್ಲ. ಡಬ್ಬಿಯನ್ನು ಮಡಿಲಲ್ಲಿ ಅಪ್ಪಿಕೊಂಡು ಬುಶ್ರಾ ಹಿಂದೆ ಕೂತಳು. ಊರು ದಾಟಿದ ಮೇಲೆ ಎರಡೂ ಕಡೆ ತೊಗರಿ, ಕಬ್ಬು, ನಡುನಡುವೆ ಬಿಳಿಜೋಳದ ಹಸಿರು. ಬಿಸಿಲಿಗೆ ಚಳಿ ಬೆರೆತ ಗಾಳಿ. ಬಾಳಮ್ಮ ಹೆಲ್ಮೆಟ್ಟಿನೊಳಗೆ ಏನೋ ಹಾಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಹಿಂದೆ ಎರಡು ಟ್ರೇಲರು, ಮೇಲೆ ಗುಡ್ಡದಂತೆ ಕಬ್ಬು, ಮುಂದೆ ಕಿವಿ ಹರಿಯುವಂಥ ಹಾಡು. ಬಾಳಮ್ಮ ಅದನ್ನು ದಾಟಲು ಒಪ್ಪಲಿಲ್ಲ.

"ಮೌಶಿ, ರಸ್ತೆ ಖಾಲಿ ಐತಿ. ಹಾರ್ನ್ ಹಾಕಿ ದಾಟ್ರಿ."

"ಸುಮ್ನ ಕೂಡು. ಅಂವಾ ಎಲ್ಲೆರೆ ತಿರಗೇ ತಿರಗ್ತಾನ."

ಅವನು ತಿರುಗಲಿಲ್ಲ. ಟ್ರ್ಯಾಕ್ಟರು ಏರಿದರೆ ಇವರೂ ಏರಿದರು, ಅದು ತೆವಳಿದರೆ ಇವರೂ ತೆವಳಿದರು. ಕುರಿ ಕಾಯುವವನೊಬ್ಬ ಇವರಿಗಿಂತ ಮುಂದೆ ನಡೆದುಹೋದ. ಮೋರಟಗಿಯ ಮನೆಗಳು ಕಾಣಿಸಿದಾಗ ಟ್ರ್ಯಾಕ್ಟರಿನವನೇ ಬೇಸತ್ತು ಬದಿಗೆ ನಿಲ್ಲಿಸಿ, ಕೈಬೀಸಿ, "ಹೋಗ್ರಿ ನಮ್ಮವ್ವಾರ, ನಿಮಗ ಕೈ ಮುಗಿತೇನಿ," ಎಂದ. ಬಾಳಮ್ಮ ಗತ್ತಿನಿಂದ ಹಾರ್ನ್ ಹಾಕಿ ದಾಟಿದಳು.

ಬಾಗಿಲಲ್ಲಿ ನಿಂತಿದ್ದ ಸುನಂದಾ ಹೆಲ್ಮೆಟ್ ತೆಗೆಯುವತನಕ ಯಾರೋ ಎಂದುಕೊಂಡಿದ್ದಳು. ತೆಗೆದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. "ಅವ್ವಾ, ನೀನ?" ಎಂದವಳೇ ಡಬ್ಬಿಗೆ ಕೈಚಾಚಿದಳು. ಅಲ್ಲೇ ಕೂತು ನುಚ್ಚಿಗೆ ಪುಂಡಿಪಲ್ಯ ಕಲಸಿ ಉಂಡಳು. ಬಾಳಮ್ಮ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಮಗಳ ತಲೆ ಸವರುತ್ತ, ಬಸ್ಸಿನ ಚಿಂತೆಯಿಲ್ಲದೆ, ಡಬ್ಬಿ ಖಾಲಿಯಾಗುವತನಕ ನೋಡಿದಳು.

ಬರುವಾಗ ಗಾಡಿ ಹಿಡಿದವಳು ಬುಶ್ರಾ. "ಇದನ್ನ ಬರಿಲೇನು ಮೌಶಿ?" ಎಂದು ದಾರಿಯಲ್ಲಿ ಕೇಳಿದಳು.

"ಬರಿ. ಕಾಶೀಬಾಯಿ ಹೆಸರಿಲೆ ಬರಿ. ನನ್ನ ಸುದ್ದಿ ಎತ್ತಬ್ಯಾಡ."

ಆ ಕಂತನ್ನು ಗುರುವಾರ ಮಧ್ಯಾಹ್ನ ಖಾನಾವಳಿಯಲ್ಲೇ ಓದಬೇಕೆಂದು ಊಟಕ್ಕೆ ಬರುವವರೆಲ್ಲ ಹಟ ಹಿಡಿದರು. ಬುಶ್ರಾ ರೊಕ್ಕ ಎಣಿಸುವ ಗಲ್ಲೆಯ ಪಕ್ಕ ನಿಂತು ಓದಿದಳು. ಜನ ಬಿದ್ದುಬಿದ್ದು ನಕ್ಕರು. ಟ್ರ್ಯಾಕ್ಟರಿನ ಭಾಗ ಬಂದಾಗ ಮಾತ್ರ ಶ್ರೀಶೈಲಪ್ಪ ಕೈ ಎತ್ತಿ ತಡೆದ.

"ಎಲ್ಲಾ ಖರೇ ಅನಸ್ತೈತಿ ತಂಗಿ. ಇದೊಂದು ಸುಳ್ಳ ಆತು. ಕಬ್ಬಿನ ಟ್ರ್ಯಾಕ್ಟರ್ ಹಿಂದ ಅಷ್ಟ ದೂರ ಯಾರರೆ ಹೋಗ್ತಾರೇನು?"

ಒಳಗಿನಿಂದ ಬಾಳಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಯಾಕ ಸುಳ್ಳರಿ? ನೀವೇನು ನನ್ನ ಹಿಂದ ಕುಂತಿದ್ರೇನು?"

ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಬಾಳಮ್ಮ ನಾಲಿಗೆ ಕಚ್ಚಿಕೊಂಡಳು. ಶ್ರೀಶೈಲಪ್ಪ ಎಂಜಲುಗೈಯಲ್ಲೇ ಎದ್ದು, "ಗಾಡಿ ಎಲ್ಲೈತ್ರಿ?" ಎಂದು ಹಿತ್ತಿಲಿಗೆ ನಡೆದ. ಅವನ ಹಿಂದೆ ಖಾನಾವಳಿಯೇ ಎದ್ದು ಹೋಯಿತು. ಒಬ್ಬ ಸೀಟು ಮುಟ್ಟಿ ನೋಡಿದ, ಒಬ್ಬ ಹಾರ್ನ್ ಒತ್ತಿದ, ಇನ್ನೊಬ್ಬ ಪುರಾತನ ದೇವಸ್ಥಾನ ನೋಡಲು ಬಂದವನಂತೆ ಕೈಕಟ್ಟಿ ನಿಂತ.

"ರೊಟ್ಟಿ ಆರಾಕತ್ತಾವ್ರೋ ಮಾರಾಯರಾ!" ಎಂದು ಬಾಳಮ್ಮ ಕೂಗಿದಳು. ಸಿಟ್ಟಿನ ದನಿ ತೆಗೆಯಲು ಹೋದಳು, ಆದರೆ ಮುಖದ ತುಂಬ ನಗುವೇ ಇತ್ತು. ಕೇಳುವವರಿಲ್ಲದೆ ಕಥೆ ಅರ್ಧಕ್ಕೆ ನಿಂತಿತ್ತು. ಬುಶ್ರಾ ಫೋನು ಕಿಸೆಗಿಟ್ಟು, ಖಾಲಿಯಾದ ಬೆಂಚಿನ ಮೇಲೆ ಕೂತು, "ಮೌಶಿ, ನನಗೂ ಒಂದು ತಾಟ ಹಾಕ್ರಿ," ಎಂದಳು.