ಕಾಡಿನಲ್ಲಿ ಉಳಿದ ರಾಣಿ

ಹುಕ್ರಪ್ಪ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬೆಳಗಿನ ಪೂಜೆಗೆ ತುಳಸಿ ಕೊಯ್ಯುತ್ತಿದ್ದಾಗ. ಮೇಳದ ಮೇನೇಜರ್ ಚಿದಾನಂದನ ಫೋನು. "ಸುಬ್ಬಯ್ಯ ಭಾಗವತರೇ, ನಮ್ಮ ರಾಣಿ ಹೋದರು" ಎಂದ. ನಾನು ಆ ಯಕ್ಷಗಾನ ಮೇಳದಲ್ಲಿ ಬಹುಕಾಲ ಹಾಡಿದವನು. ಸ್ವರ ಬಿದ್ದ ಮೇಲೆ ಬಂಟ್ವಾಳದ ಮನೆಯಲ್ಲಿ ಕುಳಿತವನು. ಹುಕ್ರಪ್ಪ ಅದೇ ಮೇಳದ ಸ್ತ್ರೀವೇಷಧಾರಿ. ನನ್ನ ಹಾಡನ್ನು ಅವನಷ್ಟು ಅರಿತು ಕುಣಿದವರು ಇನ್ನೊಬ್ಬರಿಲ್ಲ. ಕೈಯಲ್ಲಿದ್ದ ತುಳಸಿಯನ್ನು ದೇವರಿಗೆ ಏರಿಸಿದೆನೋ ಇಲ್ಲವೋ, ಇಂದಿಗೂ ನೆನಪಿಲ್ಲ.

ವಾಮದಪದವಿನ ಅವನ ಮನೆಗೆ ಹೋದಾಗ ಚಾವಡಿಯಲ್ಲಿ ಮಲಗಿಸಿ ಬಿಳಿ ಬಟ್ಟೆ ಹೊದೆಸಿದ್ದರು. ಮುಖದಲ್ಲಿ ಮಾತ್ರ ರಾಣಿಯೇ ಇದ್ದಳು. ಕಣ್ಣಿಗೆ ಕಾಡಿಗೆ, ಹಣೆಗೆ ಬೊಟ್ಟು, ಕೆನ್ನೆಗೆ ಕೆಂಪು. ಹಿಂದಿನ ರಾತ್ರಿ ಬೆಳ್ತಂಗಡಿ ಕಡೆಯ ಬಯಲಾಟದಲ್ಲಿ, ರಾಜನು ರಾಣಿಯನ್ನು ಕಾಡಿನಲ್ಲಿ ಬಿಟ್ಟುಹೋಗುವ ಭಾಗ ಮುಗಿಸಿ ಚೌಕಿಗೆ, ಎಂದರೆ ಬಣ್ಣ ಹಚ್ಚುವ ಬಿಡಾರಕ್ಕೆ ಬಂದು, ತನ್ನ ಪೆಟ್ಟಿಗೆಯ ಮೇಲೆ ಕೂತವನು ಮತ್ತೆ ಏಳಲಿಲ್ಲವಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಅವನ ಹೆಂಡತಿ ಸೇಸಮ್ಮ ತಲೆಯ ಬಳಿ ಕೂತು ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸುತ್ತಿದ್ದಳು. ಅಳುತ್ತಿರಲಿಲ್ಲ.

"ಮದುವೆಮನೆಗೆ ಹೊರಡುವಾಗ ನನ್ನ ಸೀರೆಯ ನೆರಿಗೆ ಹಿಡಿದು ಕೊಡ್ತಿದ್ದದ್ದು ಇವರೇ ಭಾಗವತರೇ. 'ನಿನಗೆ ಹೆಂಗಸರ ಹಾಗೆ ಉಡ್ಲಿಕ್ಕೆ ಬರುದಿಲ್ಲ ಮಾರಾಯ್ತಿ' ಅಂತ ನೆಗಾಡ್ತಿದ್ರು. ಈಗ ನೋಡಿ, ಇವರ ವೇಷ ನಾನು ತೆಗೀಬೇಕಾಯ್ತು."

ಎಷ್ಟು ಒರೆಸಿದರೂ ಕಿವಿಯ ಹಿಂದಿನ ಬಿಳಿ ಹೋಗಲಿಲ್ಲ. ಹಾಗೆಯೇ ಚಿತೆಗೆ ಏರಿಸಿದೆವು.

ಕೆಲವು ದಿನ ಕಳೆದು ಚಿದಾನಂದ ನನ್ನ ಮನೆಗೆ ಬಂದ. ಕೊಟ್ಟ ಚಹಾ ಕುಡಿಯದೆ ಲೋಟವನ್ನು ತಿರುಗಿಸುತ್ತ ಕೂತ.

"ಮೂಡುಬಿದಿರೆಯಲ್ಲಿ ಅದೇ ಪ್ರಸಂಗ ಇತ್ತು. ರಾಣಿಗೆ ಮನ್ವಿತನನ್ನು ಹಾಕಿದೆ. ಹುಕ್ರಪ್ಪಣ್ಣನೇ ಕಲಿಸಿದ ಹುಡುಗ. ಚಂದ ಮಾಡಿದ. ಕಾಡಿನದ್ದು ಮುಗಿಸಿ ಒಳಗೆ ಬಂದವ ಹುಕ್ರಪ್ಪಣ್ಣ ಕೂರ್ತಿದ್ದ ಜಾಗದ ಎದುರು ನಿಂತೇ ಇದ್ದಾನೆ. ಕೂತ್ಕೊ ಮಾರಾಯ ಅಂದ್ರೆ, 'ಎಲ್ಲಿ ಕೂರುದು, ಅವರು ಕೂತಿದ್ದಾರಲ್ಲ' ಅಂತ. ಮೈಯೆಲ್ಲ ಬೆವರು. ಮತ್ತೆ ರಂಗಸ್ಥಳಕ್ಕೆ ಹೋಗ್ಲೇ ಇಲ್ಲ."

"ಬೇರೆ ಗಂಡಸರು ಇಲ್ಲವೋ?"

"ಒಬ್ಬನಿಗೆ ಸೊಂಟ ನೋವಂತೆ. ಇನ್ನೊಬ್ಬ ಮೀಸೆ ಬಿಟ್ಟಿದ್ದಾನೆ, ಬೇಕಂತಲೇ! ಉಜಿರೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಒಳ್ಳೇದು ಕುಣೀತಾಳೆ. ಇನ್ನು ರಾಣಿಗೆ ಹೆಣ್ಣುಮಕ್ಕಳನ್ನೇ ಹಾಕುವ ಅಂತ ಉಂಟು."

"ಹಾಕು, ಬೇಡ ಅನ್ನುವುದಿಲ್ಲ. ಆದರೆ ಆ ಹುಡುಗಿಯೂ ಬಂದು ಕೂರುವುದು ಅದೇ ಜಾಗದಲ್ಲಿ ತಾನೆ?" ಎಂದೆ. ಆಮೇಲೆ ಒಂದು ಸಂಶಯ ಬಂದು ಕೇಳಿದೆ: "ಹುಕ್ರಪ್ಪ ಹೋದ ದಿನ ಮಂಗಳ ಹಾಡಿದ್ದು ಯಾರು?"

ಅವನ ಕೈಯಲ್ಲಿ ಲೋಟ ತಿರುಗುವುದು ನಿಂತಿತು.

ಆಟ ಶುರುವಾದ ಮೇಲೆ ಮಂಗಳ ಹಾಡದೆ ಏಳುವ ಪದ್ಧತಿ ನಮ್ಮಲ್ಲಿಲ್ಲ. ಮಳೆ ಬಂದು ಅರ್ಧಕ್ಕೆ ನಿಂತರೂ ಭಾಗವತ ಮಂಗಳ ಹಾಡಬೇಕು, ವೇಷದವರು ಚೌಕಿಯ ಗಣಪತಿಗೆ ಕೈಮುಗಿಯಬೇಕು, ಅನಂತರವೇ ಬಣ್ಣ ಒರೆಸಬೇಕು. ಆ ದಿನದ ಗಾಬರಿಯಲ್ಲಿ ಯಾರಿಗೂ ಅದು ತೋಚಲಿಲ್ಲ. ಯಾರನ್ನು ದೂರುವುದು? ಆದರೆ ಕಥೆಯ ರಾಣಿ ಇನ್ನೂ ಮರದ ಕೆಳಗೆ ಕಾಯುತ್ತಿದ್ದಳು. ಅವಳನ್ನು ಕರೆದೊಯ್ಯಲು ರಾಜ ಬಂದಿರಲಿಲ್ಲ.

ಮರುದಿನವೇ ಸೇಸಮ್ಮನ ಬಳಿಗೆ ಹೋಗಿ ಇದನ್ನು ಹೇಳಿದೆ. ಅವಳು ಒಳಕೋಣೆಯ ಕಡೆ ನೋಡಿದಳು.

"ಮುದುಕಿಗೆ ಮರುಳು ಅಂತೀರಿ ಅಂತ ನಾನು ಬಾಯಿ ಬಿಡ್ಲಿಲ್ಲ. ದಿನಾ ಮುಸ್ಸಂಜೆಗೆ, ಮೇಳದವರು ತಂದುಕೊಟ್ಟ ಪೆಟ್ಟಿಗೆ ಇಟ್ಟ ಕೋಣೆಯಿಂದ ಬಣ್ಣದ ವಾಸನೆ ಬರ್ತದೆ. ಹೊಸ್ತಿಲವರೆಗೆ ಹೆಜ್ಜೆ ಕೇಳ್ತದೆ, ದಾಟುದಿಲ್ಲ. ವೇಷ ಕಟ್ಟಿದ ಮೇಲೆ ಇವರು ಒಂದು ಗುಟುಕು ನೀರು ಸಹ ಕುಡಿದವರಲ್ಲ. ಬೊಜ್ಜದ ದಿನ ನಾನು ಎಲೆ ಹಾಕಿ ಬಡಿಸಿದ್ರೆ ಉಣ್ತಾರಾ ಭಾಗವತರೇ?"

ಬೊಜ್ಜವೆಂದರೆ ಉತ್ತರಕ್ರಿಯೆ. ಆ ಸಂಜೆ ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಸತ್ತವರು ಉಂಡು ಹಿರಿಯರೊಡನೆ ಸೇರಲಿ ಎಂದು ಹೊರಗೆ ನಿಲ್ಲುತ್ತೇವೆ. ಗಂಡ ಹಸಿದೇ ಉಳಿದರೆ ಎಂಬುದೊಂದೇ ಅವಳ ಭಯ. ಎಲೆ ಬಡಿಸುವ ಮೊದಲು ಆಟ ಮುಗಿಸುವುದೆಂದು ನಿಶ್ಚಯಿಸಿದೆವು.

ಬೊಜ್ಜದ ದಿನ ಶುದ್ಧದ ಕಾರ್ಯವಾದ ಮೇಲೆ, ಬಿಸಿಲು ಇನ್ನೂ ಇರುವಾಗಲೇ ಮೇಳದವರೆಲ್ಲ ಸೇರಿ ಅಂಗಳದಲ್ಲಿ ಚೌಕಿಯ ಗಣಪತಿಯನ್ನಿಟ್ಟು ದೀಪ ಹಚ್ಚಿದೆವು. ಮನ್ವಿತ್ ದೂರದಲ್ಲೇ ನಿಂತಿದ್ದ.

"ನನ್ನಿಂದ ಆಗುದಿಲ್ಲ ಅಜ್ಜ" ಎಂದ.

"ನಿನ್ನನ್ನು ಕರೆದವರು ಯಾರು? ಇವತ್ತೂ ರಾಣಿ ಹುಕ್ರಪ್ಪನೇ."

ಹುಕ್ರಪ್ಪನ ಪೆಟ್ಟಿಗೆಯನ್ನು ಅಂಗಳಕ್ಕೆ ತರಿಸಿ, ಅದರ ಮೇಲೆ ಸೇಸಮ್ಮನ ಕೈಯಿಂದಲೇ ರಾಣಿಯ ಸೀರೆ ಇಡಿಸಿದೆ. ರಾಜನ ವೇಷದ ಶೀನಪ್ಪ ಕಿರೀಟ ಸರಿಮಾಡಿಕೊಳ್ಳುತ್ತ ಹತ್ತಿರ ಬಂದ.

"ನಾನು ಯಾರ ಮುಖ ನೋಡಿ ಮಾತಾಡುದು ಭಾಗವತರೇ?"

"ಇಷ್ಟು ವರ್ಷ ಯಾರ ಮುಖ ನೋಡಿದ್ದೀಯೋ ಅದನ್ನೇ ನೋಡು."

ಜಾಗಟೆ ಹಿಡಿದು ಹಾಡಿದೆ. ಸ್ವರ ಒಡೆಯಿತು, ಬಿಡಲಿಲ್ಲ. ಶೀನಪ್ಪ ಸೀರೆಯ ಎದುರು ನಿಂತು, ತಪ್ಪಾಯಿತು, ಮನೆಗೆ ಬಾ ಎಂದು ಕರೆದ. ಪದದ ಅರ್ಥವನ್ನು ಮಾತಿನಲ್ಲಿ ಹೇಳುತ್ತ ಹೇಳುತ್ತ ಅವನಿಗೆ ನಿಜವಾಗಿ ಕಣ್ಣೀರು ಬಂತು. ಮುಂದಿನದು ರಾಣಿ ಎದ್ದು ರಾಜನ ಬಳಿಗೆ ನಡೆಯುವ ಪದ. ಮದ್ದಳೆಯ ಜತ್ತಪ್ಪ ಕಣ್ಣು ಮುಚ್ಚಿ ನುಡಿಸುತ್ತಿದ್ದ. ಎಡಗಾಲಿನ ನೋವಿನಿಂದ ಹುಕ್ರಪ್ಪ ಆ ನಡೆಯಲ್ಲಿ ಒಂದು ಕಡೆ ತುಸು ತಡೆದು ಹೆಜ್ಜೆ ಇಡುತ್ತಿದ್ದ. ಅಲ್ಲಿಗೆ ಬರುವಾಗ ಮದ್ದಳೆ ತಡೆಯಿತು. ಮತ್ತೆ ಮುಂದುವರಿಯಿತು. ಹಾಡು ನಿಲ್ಲಿಸದೆ ಮಂಗಳದವರೆಗೆ ಹೋದೆ.

ಮುಗಿದ ಮೇಲೆ ಕೇಳಿದೆ: "ಅಲ್ಲಿ ಯಾಕೆ ತಡೆದದ್ದು ಜತ್ತಪ್ಪ?"

"ನಾನಾಗಿ ತಡೆದದ್ದಲ್ಲ" ಎಂದ ಅವನು, ಕೈಗಳನ್ನು ಮದ್ದಳೆಯ ಮೇಲೆ ಒತ್ತಿ ಹಿಡಿದು. "ನಾನು ಹೆಜ್ಜೆಗೆ ಸರಿಯಾಗಿ ನುಡಿಸಿದ್ದು."

ಸೇಸಮ್ಮ ಸೀರೆಯನ್ನು ಎತ್ತಿ ಗಣಪತಿಯ ಮುಂದೆ ತಗ್ಗಿಸಿ ಹಿಡಿದಳು, ಅವನೇ ಬಗ್ಗಿ ನಮಸ್ಕರಿಸುವ ಹಾಗೆ. ಆಮೇಲೆ ಪೆಟ್ಟಿಗೆಯಿಂದ ಅವನ ಕೈಗನ್ನಡಿ ತೆಗೆದು, ಅಂಚಿಗೆ ಅಂಟಿದ್ದ ಬಿಳಿಯನ್ನು ತೆಂಗಿನೆಣ್ಣೆಯಿಂದ ಒರೆಸಿದಳು. ಅದು ಒಂದೇ ಸಲಕ್ಕೆ ಹೋಯಿತು. ಆಗ ಅವಳಿಗೆ ಅಳು ಬಂತು.

ಮನ್ವಿತ್ ಮೆಲ್ಲನೆ ಬಂದು ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಮೇಲೆ ಕೂತ. "ಜಾಗ ಉಂಟು ಅಜ್ಜ" ಎಂದ.

ಒಳಗೆ ಎಲೆ ಬಡಿಸಿ ಬಾಗಿಲು ಎಳೆದರು. ಎಲ್ಲರ ಜೊತೆ ನಾನೂ ಹೊರಗೆ ಕೈಮುಗಿದು ನಿಂತೆ. ಸ್ವಾಮಿ ಗಣಪತಿ, ಇವನು ಜೀವವಿರುವಷ್ಟು ಕಾಲ ನಿನ್ನ ದೀಪದ ಮುಂದೆ ಇನ್ನೊಬ್ಬರ ದುಃಖವನ್ನು ಹೊತ್ತು ಕುಣಿದವನು. ಆ ದುಃಖವನ್ನು ಇವನಿಂದ ಇಳಿಸಿಕೋ. ಹೆಂಡತಿ ಬಡಿಸಿದ ಅನ್ನ ಇವನಿಗೆ ಸೇರಲಿ. ಹಿರಿಯರ ಪಂಕ್ತಿಯಲ್ಲಿ ಇವನಿಗೂ ಒಂದು ಎಲೆ ಇರಲಿ. ಆ ಎಡಗಾಲಿಗೆ ಇನ್ನು ನೋವು ಬೇಡ. ನಮ್ಮ ಹುಕ್ರಪ್ಪನಿಗೆ ಶಾಂತಿ ಕೊಡು, ದೇವರೇ.